ಊರೇ ಫೀಲ್ಡ್ ಆದಾಗ: ಸಮುದಾಯ ನಾಯಕತ್ವ ಕೋರ್ಸಿನ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಲಾಗಿದೆ.)

ಮಂಜುಳಾಗೆ 19 ವರ್ಷ. ಬಿ.ಎ. ಎರಡನೇ ವರ್ಷ. ತಾಲ್ಲೂಕು ಕೇಂದ್ರದಿಂದ 14 ಕಿ.ಮೀ. ದೂರದ, ಉತ್ತರ ಕರ್ನಾಟಕದ ಹಳ್ಳಿ. ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾಲಯ ನಡೆಸುವ ಆರು ತಿಂಗಳ ಸಮುದಾಯ ನಾಯಕತ್ವ ಸರ್ಟಿಫಿಕೇಟಿಗೆ ಸೇರಿದ್ದಳು. ಶನಿವಾರ ತರಗತಿ, ಉಳಿದದ್ದು ಎರಡು ಕ್ರೆಡಿಟ್‌ನ ಕ್ಷೇತ್ರಕಾರ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಲೆಕ್ಕದಲ್ಲಿ ಕ್ಷೇತ್ರಕಾರ್ಯದ ಒಂದು ಕ್ರೆಡಿಟ್ ಎಂದರೆ 30 ಗಂಟೆ, ಅಲ್ಲಿಗೆ 60 ಗಂಟೆ. ಸ್ವಂತ ಊರಿನ ಒಂದು ಸಮಸ್ಯೆ ಹಿಡಿದು, ಜನರನ್ನು ಸೇರಿಸಿ, ಪರಿಹಾರಕ್ಕೆ ಪ್ರಯತ್ನಿಸಿ, ವರದಿ ಬರೆಯಬೇಕು. 22 ಗಂಟೆ ಮುಗಿಸಿ ಆಪ್ತಸಲಹೆಗೆ ಬಂದವಳ ಮೊದಲ ಮಾತು: "ನಾ ಬಿಟ್ಟಬಿಡ್ತೇನ್ರಿ ಮೇಡಂ, ಸರ್ಟಿಫಿಕೇಟ್ ಬ್ಯಾಡ."

ಅವಳು ಆರಿಸಿಕೊಂಡದ್ದು ಕಿರಾಣಿ ಅಂಗಡಿಯೊಂದರಲ್ಲಿ ಲೈಸೆನ್ಸ್ ಇಲ್ಲದೆ ಮದ್ಯದ ಪ್ಯಾಕೆಟ್ ಮಾರುವ ಸಮಸ್ಯೆಯನ್ನು. ನೋಟ್‌ಬುಕ್ಕಿನ ನಡುಹಾಳೆ ಹರಿದು 41 ಜನರ ಸಹಿ, ಹೆಬ್ಬೆಟ್ಟು ಮಾಡಿಸಿದ್ದಳು. ಮೂರನೇ ರಾತ್ರಿಯಿಂದ ಒಬ್ಬೊಬ್ಬರೇ ಹಿತ್ತಲ ಬಾಗಿಲಿಗೆ ಬಂದು ತಮ್ಮ ಹೆಸರು ಹೊಡೆದುಹಾಕಲು ಕೇಳಿದರು. ಆ ಹಾಳೆ ಬ್ಯಾಗಿನಲ್ಲೇ ಇತ್ತು: 14 ಹೆಸರುಗಳ ಮೇಲೆ ಗೀಟು, ಅವುಗಳಲ್ಲೇ ಒಂದು ಹೆಬ್ಬೆಟ್ಟನ್ನು ಉಗುರಿನಿಂದ ಕೆರೆದು ಅಲ್ಲಿ ಕಾಗದ ತೂತು ಬಿದ್ದಿತ್ತು. ಬೀಜ, ಗೊಬ್ಬರಕ್ಕೆಂದು ಅವಳ ಅಪ್ಪ ಅದೇ ಅಂಗಡಿಯವನ ಹತ್ತಿರ 20,000 ರೂಪಾಯಿ ಕೈಗಡ ತಂದಿದ್ದ. ಅಂಗಡಿಯವ ಬೈಯಲಿಲ್ಲ, ಹೆದರಿಸಲಿಲ್ಲ. "ಮಗಳು ಚೊಲೊ ಓದಾಕತ್ಯಾಳ" ಎಂದಷ್ಟೇ ಅಂದ. ಅಪ್ಪನಿಗೆ ಅರ್ಥವಾಯಿತು. ಮೂರು ದಿನ ಮಗಳನ್ನು ಕಾಲೇಜಿಗೆ ಕಳಿಸಲಿಲ್ಲ.

ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ, ಊಟ ಅರ್ಧ ರೊಟ್ಟಿಗಿಳಿದಿದೆ, ಬಸ್ ಸ್ಟ್ಯಾಂಡಿನಲ್ಲಿ ಹುಡುಗರು "ಲೀಡರ್ ಅಕ್ಕ" ಎಂದರೆ ಎದೆ ಬಡಿತ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಲಾಯಿತು, ಇಲ್ಲ ಎಂದಳು. ಈ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿ ಬರುತ್ತದೆ. ರಾತ್ರಿ ತಡೆಯಲಾಗದಿದ್ದರೆ ಕರೆ ಮಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟು, ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಎಂದು ಮೊದಲೇ ಮಾತಾಯಿತು.

ಕೋರ್ಸಿನ ಮಾರ್ಗದರ್ಶಕರು ಅವಳಿಗೆ "ನಾಯಕಿ ಆದವಳು ಹೆದರಬಾರದು" ಎಂದಿದ್ದರು. ಹೆಚ್ಚು ಹಾನಿ ಮಾಡಿದ್ದು ಆ ಮಾತೇ. ಅವಳ ಹೆದರಿಕೆ ದೌರ್ಬಲ್ಯವಲ್ಲ, ಸರಿಯಾದ ಮಾಹಿತಿ. ಪಟ್ಟಣದ ವಿದ್ಯಾರ್ಥಿಗೆ ಹಳ್ಳಿ ಒಂದು ಫೀಲ್ಡ್, ಸಂಜೆಗೆ ಮುಗಿಯುತ್ತದೆ. ಇವಳಿಗೆ ಅದೇ ಮನೆ, ಅದೇ ಸಾಲ, ನಾಳೆ ಮದುವೆ ಮಾತುಕತೆಗೆ ಬರುವ ನೆಂಟರೂ ಅಲ್ಲಿಯವರೇ. ಎಪಿಎಂಸಿಗೆ ಬಂದಿದ್ದ ಅಪ್ಪ, ಮಗಳ ಒಪ್ಪಿಗೆಯ ಮೇಲೆ, 25 ನಿಮಿಷ ಕೂತು ಹೇಳಿದ್ದೂ ಇದನ್ನೇ: "ನೀವು ಸಂಜಿಮುಂದ ನಿಮ್ಮ ಮನಿಗೆ ಹೋಗ್ತೀರಿ. ನಾವು ಅಲ್ಲೇ ಇರಬೇಕು ನೋಡ್ರಿ."

ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಹತ್ತು ದಿನ ಏನೂ ಮಾಡಬೇಡ. ಸಹಿ ಹಾಳೆಯನ್ನು ಎಲ್ಲೂ ಸಲ್ಲಿಸಬೇಡ, ಮೊಬೈಲಿನಲ್ಲಿ ಅದರ ಫೋಟೊ ಇದ್ದರೆ ಅಳಿಸು. 27 ಹೆಸರು ಉಳಿದಿವೆ ಎಂದು ಅವಳು ಲೆಕ್ಕ ಹೇಳಿದಳು. ಆ 27 ಜನ ಗೀಟು ಹಾಕಿಸಲು ಬರದೆ ಇದ್ದದ್ದು ಧೈರ್ಯದಿಂದಲೋ ಸಂಕೋಚದಿಂದಲೋ ಯಾರಿಗೆ ಗೊತ್ತು? ಲೈಸೆನ್ಸಿಲ್ಲದ ಮಾರಾಟ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅದನ್ನು ಹಿಡಿಯುವುದು ಅಬಕಾರಿ ಇಲಾಖೆ ಮತ್ತು ಪೊಲೀಸರ ಕೆಲಸ. ಊರಿನ ಹೆಂಗಸರು ಅದನ್ನು ಮಹಿಳಾ ಗ್ರಾಮಸಭೆಯಲ್ಲಿ ಎತ್ತಿದರೆ ಅವಳು ಅವರ ಹಿಂದೆ ಕೂರಬಹುದು, ಮುಂದೆ ನಿಲ್ಲುವುದು ಬೇಡ. ಇದನ್ನು ಅವಳು ಸೋಲು ಎಂದೇ ತಿಳಿದಳು. ಎರಡು ಭೇಟಿ ಇದಕ್ಕೇ ಹೋಯಿತು.

ಹೊಸ ವಿಷಯ ಆರಿಸಲು ಒಂದೇ ಪ್ರಶ್ನೆ ಕೊಡಲಾಯಿತು: ಇದು ಗೆದ್ದರೆ ಊರಲ್ಲಿ ಯಾರಿಗೆ ನಷ್ಟ? ನಾಲ್ಕು ವಿಷಯ ಬರೆದು ತಂದಳು. ಉಳಿದದ್ದು ಸಂಜೆಯ ಬಸ್. ಊರಿಗೆ ಕೊನೆಯ ಬಸ್ 4.45ಕ್ಕೆ, ತರಗತಿ ಬಿಡುವುದೂ 4.45ಕ್ಕೆ. ಕೊನೆಯ ಪೀರಿಯಡ್ ತಪ್ಪಿಸದೆ ಬಸ್ ಸಿಗದು.

ಹೊಸ ಬಸ್ ಕೇಳಬೇಡ, ಇದ್ದ ಬಸ್ಸನ್ನು 20 ನಿಮಿಷ ತಡವಾಗಿ ಕೇಳು ಎಂಬುದು ಇಲ್ಲಿನ ಮುಖ್ಯ ಸಲಹೆ. ಹೊಸ ಬಸ್ ಎಂದರೆ ಗಾಡಿ, ಚಾಲಕ, ನಿರ್ವಾಹಕ ಮೂರೂ ಬೇಕು. ಡಿಪೊ "ನೋಡೋಣ" ಎಂದು ಮುಗಿಸುತ್ತದೆ. ಸಮಯ ಬದಲಿಸುವುದು ವೇಳಾಪಟ್ಟಿಯ ಕೆಲಸ. ಆದರೆ ಆ ಬಸ್ ಮುಂದಿನ ಮೂರು ಊರಿಗೂ ಹೋಗುತ್ತದೆ. ಅಲ್ಲಿಯವರಿಗೆ ತಡವಾದರೆ ತೊಂದರೆಯೇ ಎಂದು ಮೊದಲು ಕೇಳಬೇಕು. ಇಲ್ಲದಿದ್ದರೆ ಅರ್ಜಿಯ ಬೆನ್ನಿಗೇ ಇನ್ನೊಂದು ಅರ್ಜಿ ಬಂದು ಎರಡೂ ಬೀಳುತ್ತವೆ.

ಡಿಪೊಗೆ ಬೇಕಿರುವುದು ಸಂಖ್ಯೆ. ಸೋಮವಾರದಿಂದ ಶನಿವಾರ, ಎರಡು ವಾರ, 12 ದಿನ ಎಣಿಕೆ. ಹಾಳೆಯಲ್ಲಿ ದಿನಾಂಕ, ಬಸ್ ಹೊರಟ ಸಮಯ, ಹತ್ತಿದವರು, ಬಸ್ ತಪ್ಪಿದವರು ಎಂದು ನಾಲ್ಕೇ ಕಾಲಂ. ಸಂತೆಯ ದಿನಕ್ಕೆ ಪಕ್ಕದಲ್ಲಿ ಗುರುತು, ಯಾಕೆಂದರೆ ಆ ದಿನದ ಜನ ವಿದ್ಯಾರ್ಥಿಗಳಲ್ಲ. ಪರೀಕ್ಷೆ ವಾರದಲ್ಲಿ ಎಣಿಸಬಾರದು. ಮನೆಗೆ ಹೋಗಿ ನೆನಪಿನಿಂದ ತುಂಬಿದ ಹಾಳೆ ಬೇಗ ಸಿಕ್ಕಿಬೀಳುತ್ತದೆ: ಎಲ್ಲ ಸಾಲೂ ಒಂದೇ ಶಾಯಿ, ಎಲ್ಲ ಅಂಕಿಯೂ ಐದರ ಮಗ್ಗಿ. ಇಬ್ಬರು ದಿನ ಬಿಟ್ಟು ದಿನ ಎಣಿಸಿದರೆ ಒಳ್ಳೆಯದು. ಇನ್ನೊಂದು ಸಣ್ಣ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಹುಡುಗಿಯರಿಗೆ ಶೂನ್ಯ ದರದ ಟಿಕೆಟ್. ನೂಕುನುಗ್ಗಲಲ್ಲಿ ಅದನ್ನು ಕೇಳಿ ಪಡೆಯದಿದ್ದರೆ ಅವಳು ಪ್ರಯಾಣಿಸಿದ್ದಕ್ಕೆ ಟಿಕೆಟ್ ಮಷಿನ್‌ನಲ್ಲಿ ದಾಖಲೆಯೇ ಇಲ್ಲ. "ದುಡ್ಡಿಲ್ಲದ ಟಿಕೆಟ್ ಯಾಕ" ಎನ್ನುವ ಗೆಳತಿಯರಿಗೆ ಮೊದಲು ಇದನ್ನು ತಿಳಿಸಬೇಕು.

ಅರ್ಜಿ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ, ಅದರ ಒಂದು ಪ್ರತಿ ಡಿಪೊ ಮ್ಯಾನೇಜರ್‌ಗೆ. ಜೊತೆಗೆ ಎಣಿಕೆ ಹಾಳೆ, ಪ್ರಾಂಶುಪಾಲರ ಪತ್ರ, ಗ್ರಾಮ ಪಂಚಾಯಿತಿಯ ಠರಾವು. ತನ್ನ ಬಳಿ ಉಳಿಯುವ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬಾರದು.

ಠರಾವಿಗೆ ವಾರ್ಡ್ ಸಭೆಯಲ್ಲಿ ಮಾತಾಡಬೇಕು. ಹೆದರಿಕೆ ಹತ್ತರಲ್ಲಿ ಎಷ್ಟು ಎಂದರೆ ಒಂಬತ್ತು ಎಂದಳು. ಭಾಷಣ ಬಾಯಿಪಾಠ ಮಾಡುವುದು ಬೇಡ. ನಡುವೆ ಒಂದು ಪದ ಜಾರಿದರೆ ಉಳಿದದ್ದೂ ಹಿಂದೆಯೇ ಜಾರುತ್ತದೆ. ಮೂರೇ ವಾಕ್ಯ: ಬಸ್ ಎಷ್ಟಕ್ಕೆ ಹೋಗುತ್ತದೆ, 12 ದಿನದಲ್ಲಿ ಎಷ್ಟು ಮಕ್ಕಳಿಗೆ ಬಸ್ ತಪ್ಪಿತು, ಠರಾವು ಮಾಡಿಕೊಡಿ. ಮೊದಲು ಅಡುಗೆಮನೆಯಲ್ಲಿ ಅವ್ವನ ಮುಂದೆ, ನಂತರ ಮೂವರು ಗೆಳತಿಯರ ಮುಂದೆ, ಆಮೇಲೆ ಅವ್ವನ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ. ಒಂದು ಮೆಟ್ಟಿಲಲ್ಲಿ ಹೆದರಿಕೆ ಅರ್ಧಕ್ಕಿಳಿಯುವ ತನಕ ಅದನ್ನೇ ಮತ್ತೆ ಮಾಡಬೇಕು, ಮುಂದಿನದಕ್ಕೆ ಹಾರಬಾರದು. ಸಂಘದ ಸಭೆ ಮೂರು ಸಲ ಬೇಕಾಯಿತು.

ಅಪ್ಪನ ಜೊತೆ ವಾದ ಬೇಡ ಎಂದೂ ಹೇಳಲಾಯಿತು. "ನೀ ಯಾಕ ಹೆದರ್ತಿ" ಎಂಬುದರ ಬದಲು "ನಿನಗ ಯಾರು ಏನಂದ್ರು ಅಪ್ಪಾ" ಎಂದು ಕೇಳು. ಕೈಗಡದ ಪೂರ್ತಿ ಲೆಕ್ಕ ಅವಳಿಗೆ ತಿಳಿದದ್ದೇ ಆ ಪ್ರಶ್ನೆಯಿಂದ.

ಅವಳ ಒಪ್ಪಿಗೆ ಪಡೆದು ಮಾರ್ಗದರ್ಶಕರಿಗೆ ಒಂದು ಪುಟದ ಪತ್ರ ಹೋಯಿತು. ಕೇಳಿದ್ದು ಎರಡು: ನಿಂತುಹೋದ ಕೆಲಸದ 22 ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ವಿಷಯ ಒಪ್ಪುವ ಮೊದಲು ವಿದ್ಯಾರ್ಥಿಯ ಮನೆಗೆ ಅದರಿಂದ ಏನಾಗಬಹುದು ಎಂದು ಬರೆಯಿಸಿಕೊಳ್ಳಿ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಉತ್ತರ ಬಂದಿಲ್ಲ.

ಒಂಬತ್ತನೇ ವಾರಕ್ಕೆ ನಿದ್ದೆ ಐದೂವರೆ ತನಕ ಬರುತ್ತಿತ್ತು, ಮನೋವೈದ್ಯರ ಭೇಟಿ ಬೇಕಾಗಲಿಲ್ಲ. ವಾರ್ಡ್ ಸಭೆಯಲ್ಲಿ ಮೂರರಲ್ಲಿ ಎರಡು ವಾಕ್ಯ ಹೇಳಿದಳು, ಮೂರನೆಯದನ್ನು ಸಂಘದ ಹಿರಿಯ ಹೆಂಗಸೊಬ್ಬಳು ಹೇಳಿದಳು. ಠರಾವಾಯಿತು. ಅರ್ಜಿ ವಿಭಾಗೀಯ ಕಚೇರಿಯಲ್ಲಿದೆ, ಬಸ್ ಇನ್ನೂ 4.45ಕ್ಕೇ ಹೊರಡುತ್ತದೆ. ಸುಗ್ಗಿ ಮುಗಿದ ಮೇಲೆ ಕೈಗಡ ತೀರಿಸುವುದಾಗಿ ಅಪ್ಪ ಹೇಳಿದ್ದಾನೆ. ಅಂಗಡಿ ತೆರೆದೇ ಇದೆ; ಸಹಿ ಹಾಳೆಯನ್ನು ಮಂಜುಳಾ ಒಲೆಗೆ ಹಾಕಿದಳು.