ಕಾರವಾರದ ಉಪ್ಪುಗಾಳಿಯಲ್ಲಿ ಬಾಳಿಕೆ ಬರುವ ಸಿಡಿ ಪ್ಲೇಯರ್ ಆರಿಸುವುದು ಹೇಗೆ?

ಕಡಲ ಹತ್ತಿರದ ಮನೆ, ಯಕ್ಷಗಾನ ಮತ್ತು ಹಿಂದೂಸ್ತಾನಿ ಸಿಡಿಗಳ ರಾಶಿ, ಪ್ಲೇಯರ್ ವರ್ಷಗಟ್ಟಲೆ ಬಾಳಬೇಕು ಅಂತ ಕೇಳಿದ್ದೀರಿ. ಹಾಗಾದರೆ ಮೊದಲು ಒಳಗಿನ ಯಂತ್ರ ನೋಡಿ. ಸಾಮಾನ್ಯವಾಗಿ ಮೊದಲು ಸವೆಯುವುದು ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಮತ್ತು ಲೇಸರ್. ಬೆಲ್ಟ್ ಅಗ್ಗ, ಬದಲಿಸುವುದೂ ಸುಲಭ. ಲೇಸರ್ ಸಿಗದಿದ್ದರೆ ಮಾತ್ರ ಇಡೀ ಪ್ಲೇಯರ್ ಮೂಲೆ ಸೇರುತ್ತದೆ. ಸೋನಿಯ ಕೆಎಸ್‌ಎಸ್-213 ಥರದ, ಹಲವು ಕಂಪನಿಗಳು ಬಳಸಿದ ಲೇಸರ್ ಇರುವ ಮಾಡೆಲ್ ಒಳ್ಳೆಯದು.

ಕೊಳ್ಳಲು ಹೋಗುವಾಗ 70 ನಿಮಿಷ ದಾಟುವ ಒಂದು ಸಿಡಿ ಜೊತೆಗೆ ಒಯ್ಯಿರಿ. ಸಿಡಿಯನ್ನು ಲೇಸರ್ ಓದುವುದು ಒಳಗಿನಿಂದ ಹೊರಕ್ಕೆ. ಕೊನೆಯ ಹಾಡು ಅಂಚಿನಲ್ಲಿರುತ್ತದೆ, ಡಿಸ್ಕ್ ಜಾಸ್ತಿ ಅಲುಗುವುದೂ ಅಲ್ಲೇ. ಮೊದಲ ಹಾಡಿನಿಂದ ನೇರ ಕೊನೆಯದಕ್ಕೆ ಹಾರಿಸಿ, ವಾಪಸ್ ತನ್ನಿ. ತಡವರಿಸಿತೋ, ಕಟಕಟ ಅಂದಿತೋ, ಅದನ್ನು ಬಿಟ್ಟುಬಿಡಿ. ಟ್ರೇ ಕೂಡ ಒದ್ದಾಡದೆ ಹೊರಬರಬೇಕು. ಸುಮ್ನೆ ಭಾರ ನೋಡಿ ಮರುಳಾಗಬೇಡಿ. ಆಪ್ಟಿಕಲ್ ಅಥವಾ ಕೊಆಕ್ಸಿಯಲ್ ಎಂಬ ಡಿಜಿಟಲ್ ಔಟ್‌ಪುಟ್ ಇದ್ದರೆ ಮುಂದೆ ಬೇರೆ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಧ್ವನಿ ಸಂಕೇತವಾಗಿ ಬದಲಿಸುವ ಸಾಧನ) ಜೋಡಿಸಬಹುದು.

ಸೆಕೆಂಡ್ ಹ್ಯಾಂಡ್ ಆದರೆ ಹಿಂಬದಿಯ ವೋಲ್ಟೇಜ್ ಓದಿ. ಜಪಾನ್ ಮಾರುಕಟ್ಟೆಯ ಪ್ಲೇಯರ್‌ಗಳು 100 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ಹಿಂದಿನ ಆರ್‌ಸಿಎ ಸಾಕೆಟ್‌ಗಳಲ್ಲಿ (ಆಡಿಯೋ ಕೇಬಲ್ ಸಿಕ್ಕಿಸುವ ದುಂಡು ಸಾಕೆಟ್‌ಗಳು) ಹಸಿರು ಕಿಲುಬು ಕಂಡರೆ ಒಳಗಿನ ಬೋರ್ಡಿಗೂ ಉಪ್ಪು ತಾಗಿರಬಹುದು.

ಮನೆಯಲ್ಲಿ ಕಡಲ ಕಡೆಯ ಕಿಟಕಿ ಹತ್ತಿರ ಇಡಬೇಡಿ. ಮಳೆಗಾಲದಲ್ಲಿ ಆಗಾಗ ಒಂದು ತಾಸು ಹಾಡಿಸಿ, ಒಳಗಿನ ತೇವ ಆರುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.