ಮರಳಲ್ಲಿ ಹಿಡಿಯುವ ಲಂಗರು ಕಾಳಿ ಅಳಿವೆಯ ಕೆಸರಲ್ಲಿ ಜಾರುತ್ತಿದೆ. ಇನ್ನೂ ಭಾರದ್ದು ತರಲೇ?

ತರಬೇಡಿ. ನಾನೂ ಭಾರವನ್ನೇ ನಂಬಿ ಒಂದು ಪಂಪು ಮುಳುಗಿಸಿದವನು.

ಊರು ಬಾಗಲಕೋಟೆ ಕಡೆ, ಹೊಲ ಆಲಮಟ್ಟಿ ಹಿನ್ನೀರಿನ ದಂಡೆ. ಕಬ್ಬಿಗೆ ನೀರೆತ್ತಲು ಡ್ರಮ್ಮು ಕಟ್ಟಿ ತೇಲಿಸಿದ ಡೀಸೆಲ್ ಪಂಪು. ಬೇಸಿಗೆಗೆ ನೀರು ಹಿಂದೆ ಸರಿದಂತೆ ಅದನ್ನೂ ಸರಿಸಬೇಕು, ಅದಕ್ಕೇ ಗೋವಾದಿಂದ ಹಳೇ ಲಂಗರು ತಂದಿದ್ದೆ. ಎರಡು ಚಪ್ಪಟೆ ಅಲಗು, ದಂಡಕ್ಕೆ ಸುಮಾರು 30 ಡಿಗ್ರಿ ತೆರೆದು ನಿಲ್ಲುವಂಥದ್ದು. ಅಂದರೆ ಮರಳಿನದು. ನಮ್ಮಲ್ಲಿ ತಳವೆಲ್ಲ ಮುಳುಗಿದ ಎರೆಹೊಲ, ಅದರ ಮೇಲೆ ಹೂಳು.

ಜಾರಿತು. ಎತ್ತಿ ನೋಡಿದರೆ ಅಲಗಿಗೆ ಬರೀ ತೆಳ್ಳನೆ ರಾಡಿ. ಅಲ್ಲೇ ಅರ್ಥವಾಗಬೇಕಿತ್ತು: ಅದು ಒಳಗೆ ಇಳಿದೇ ಇಲ್ಲ, ಮೇಲ್ಮೇಲೆ ಸವರಿಕೊಂಡು ಬಂದಿದೆ. ನಾನು ಮಾತ್ರ ಹಗುರಾಯಿತೆಂದು ದಂಡಕ್ಕೆ 20 ಕಿಲೋ ಕಲ್ಲು ಬಿಗಿದೆ. ಅಲಗಿನ ಕೋನ ಇದ್ದಷ್ಟೇ ಇತ್ತು, ಹಾಗಾಗಿ ಹೆಚ್ಚು ಭಾರದ್ದೊಂದು ಜಾರುಬಂಡಿ ತಯಾರಾಯಿತು, ಅಷ್ಟೇ. ಆಗಸ್ಟಿನ ಗಾಳಿಗೆ ರಾತ್ರೋರಾತ್ರಿ ಎಳೆದುಕೊಂಡು ಹೋಗಿ ಪೈಪು ಹರಿದು ಪಂಪು ತಳ ಸೇರಿತು.

ಮಾವ ಬಂದು ನೋಡಿ, "ಕಲ್ಲು ಹೇರಾಕ ಇದೇನು ಕುಂಟಿ ಏನೋ? ರಂಟಿ ಇದು, ಮೂಗು ಬಗ್ಗಸಬೇಕು" ಅಂದರು. ಕುಂಟಿ ಮೇಲ್ಮಣ್ಣು ಕೆರೆಯುವಂಥದ್ದು, ರಂಟಿ ಎಂದರೆ ಆಳಕ್ಕಿಳಿಯುವ ನೇಗಿಲು. ಲಂಗರಿನ ದಂಡವೇ ನೇಗಿಲಿನ ಈಸು (ಉದ್ದನೆ ಮರ), ಅಲಗೇ ಕುಳ. ಹಡಗಿನವರ ಲೆಕ್ಕವೂ ಅದೇ: ಮರಳಿಗೆ ಸುಮಾರು 32 ಡಿಗ್ರಿ, ಮೆತ್ತನೆ ಕೆಸರಿಗೆ 45ರಿಂದ 50. ಕೆಸರಿನ ಮೇಲ್ಪದರಕ್ಕೆ ಕಸುವಿಲ್ಲ. ಅಲಗು ಅಗಲಕ್ಕೆ ತೆರೆದರಷ್ಟೇ ಆಳಕ್ಕಿಳಿದು ಗಟ್ಟಿ ಮಣ್ಣು ಹಿಡಿಯುತ್ತದೆ.

ಅಲಗು ಹೆಚ್ಚು ತೆರೆಯದಂತೆ ತಡೆಯುವ ಗೂಟ ಅರೆದು 45ಕ್ಕೆ ತಂದೆ, ಹಿಡಿಯಿತು. ಮುಂದಿನ ಬೇಸಿಗೆ ಅದನ್ನೇ ಮರಳಿದ್ದ ಕಡೆ ಹಾಕಿದರೆ ತುದಿ ಊರಿ ನಿಂತು ಮಗುಚಿಕೊಂಡಿತು! ಹಾಗಾಗಿ ನೀವು ಅರೆಯಲು ಹೋಗಬೇಡಿ. ಬೋಲ್ಟು ಬಿಚ್ಚಿ ಕೋನ ಬದಲಿಸಬಹುದಾದ ಲಂಗರು ಸಿಗುತ್ತದೆ, ಅದನ್ನು ತನ್ನಿ. ಉಳಿದ ದುಡ್ಡಿಗೆ ಸರಪಳಿ. ಎಳೆತ ಮೇಲಕ್ಕಲ್ಲ, ತಳಕ್ಕೆ ಸಮವಾಗಿ ಬರಬೇಕು, ಅದಕ್ಕೇ ಸರಪಳಿ; ಹಗ್ಗವನ್ನೂ ಆಳದ 7 ಪಟ್ಟಾದರೂ ಬಿಡಿ.

ಅಂದಹಾಗೆ, ಎತ್ತಿದಾಗ ನಿಮ್ಮ ಅಲಗಿಗೆ ಏನು ಮೆತ್ತಿತ್ತು? ಅದನ್ನೇ ಬರೆದಿಲ್ಲ ನೋಡಿ.