ಹಳ್ಳಿ, ಮನೆತನ, ಪ್ರೀತಿ ಇರುವ ಭೋಜ್‌ಪುರಿ ಸಿನಿಮಾಗಳನ್ನು ನೋಡಬೇಕು. ಯಾವುದರಿಂದ ಶುರು ಮಾಡಲಿ?

1963ರ ‘ಗಂಗಾ ಮೈಯಾ ತೋಹೆ ಪಿಯರಿ ಚಢೈಬೋ’ದಿಂದ ಶುರು ಮಾಡಿ. ಭೋಜ್‌ಪುರಿಯ ಮೊದಲ ಸಿನಿಮಾ ಇದೇ. ಹರಕೆ ತೀರಿದರೆ ಗಂಗೆಗೆ ಹಳದಿ ಸೀರೆ ಒಪ್ಪಿಸುವ ಪದ್ಧತಿ ಅಲ್ಲಿದೆ, ಹೆಸರು ಬಂದದ್ದು ಅದರಿಂದ. ಕಥೆ ವಿಧವೆಯ ಬದುಕಿನದು. ಶೈಲೇಂದ್ರರ ಸಾಹಿತ್ಯ, ಚಿತ್ರಗುಪ್ತರ ಸಂಗೀತ. ಹಾಡುಗಳಿಗೋಸ್ಕರವಾದ್ರೂ ನೋಡಲೇಬೇಕು!

ಆಮೇಲೆ 1982ರ ‘ನದಿಯಾ ಕೆ ಪಾರ್’. ಇದು ಪೂರ್ತಿ ಭೋಜ್‌ಪುರಿ ಅಲ್ಲ, ಹಿಂದಿ ಬೆರೆತ ಹಳ್ಳಿ ಮಾತು. ಹಾಗಾಗಿ ನಮಗೆ ಸಲೀಸು. ಅಕ್ಕ ತೀರಿಕೊಂಡ ಮೇಲೆ ಗುಂಜಾಳನ್ನು ಭಾವನಿಗೇ ಕೊಡಲು ಹಿರಿಯರು ನಿಶ್ಚಯಿಸುತ್ತಾರೆ. ಅವಳು ಮಾತ್ರ ಭಾವನ ತಮ್ಮ ಚಂದನ್ ಜೊತೆಗೇ ಮದುವೆ ಅಂದುಕೊಂಡಿರುತ್ತಾಳೆ. ‘ಹಮ್ ಆಪ್ಕೆ ಹೈ ಕೌನ್’ ಆಗಿದ್ದು ಇದೇ ಕಥೆ. ಆದರೆ ಎತ್ತಿನಗಾಡಿಯಲ್ಲಿ ಅವರಿಬ್ಬರೂ ಹೋಗುವ ಆ ಹಾಡಿನ ಸೊಗಸು ದೊಡ್ಡ ಬಂಗಲೆಯ ಸೆಟ್‌ನಲ್ಲಿ ಬರಲಿಲ್ಲ.